ಅಂಬಾಬಾಯಿ ಮಿಸ್ ಬರುವವರೆಗೆ

ಹೊಸ ಟೀಚರಿಗೆ ಬುದ್ಧಿ ಹೇಳದವರು ಯಾರಿದ್ದಾರೆ? ಶ್ರೀನಿವಾಸಪುರದಾಚೆ, ಮಾವಿನ ತೋಪುಗಳ ನಡುವಿನ ಸರ್ಕಾರಿ ಶಾಲೆಗೆ ನಾನು ಕಾಲಿಟ್ಟ ಮೊದಲ ದಿನವೇ ಹಿರಿಯ ಶಿಕ್ಷಕಿ ಶಾಮಲಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರುಮಾಡಿದರು.

"ಮೊದಲ ತಿಂಗಳು ನಗಬೇಡ ಕಣಮ್ಮ ಸೌಪರ್ಣಿಕಾ. ನಕ್ಕರೆ ತಲೆ ಮೇಲೆ ಕೂತ್ಕೋತಾವೆ. ಬೋರ್ಡ್ ಮೇಲೆ ಬರೆಯೋವಾಗ ಪೂರ್ತಿ ಬೆನ್ನು ತೋರಿಸ್ಬೇಡ. ಗಲಾಟೆ ಜಾಸ್ತಿ ಆದ್ರೆ ನೀನು ಸುಮ್ನಾಗ್ಬಿಡು, ಅವೂ ಸುಮ್ನಾಗ್ತಾವೆ."

ಮುಳಬಾಗಿಲಿನ ನಮ್ಮ ಮನೆಯಲ್ಲಿ ನನಗೆ ಬಾಯಿಬಡುಕಿ ಎಂದೇ ಹೆಸರು. ಸುಮ್ಮನಾಗುವುದು ನನ್ನ ಜಾತಕದಲ್ಲೇ ಇಲ್ಲ. ಆದರೂ ತಲೆಯಾಡಿಸಿದೆ.

ನಾಲ್ಕನೇ ಕ್ಲಾಸಿಗೆ ಹೋದರೆ ಆ ಬುದ್ಧಿಮಾತು ಯಾವುದೂ ಬೇಕಾಗಲಿಲ್ಲ. ಮಕ್ಕಳು ಎದ್ದರು, ಕೈ ಮುಗಿದರು, ಕೂತರು. ಒಂದು ಪಿಸುಮಾತಿಲ್ಲ. ಹೆಸರು ಕೇಳಿದರೆ ಸ್ಲೇಟಿನ ಮೇಲೆ ಬರೆದು ತೋರಿಸಿದರು. ಹೊಸಬಳ ಮುಂದೆ ನಾಚಿಕೆ ಇರಬೇಕು ಅಂದುಕೊಂಡೆ. ಹೆಡ್ ಮಾಸ್ಟರ್ ನರಸಿಂಹಪ್ಪನವರು ಕಿಟಕಿಯಲ್ಲಿ ಇಣುಕಿ, "ಏನಮ್ಮಾ, ಬಂದ ದಿನವೇ ಕ್ಲಾಸು ಹಿಡಿತಕ್ಕೆ ತಗೊಂಡ್ಬಿಟ್ಯಲ್ಲ!" ಎಂದರು. ನಾನು ಉಬ್ಬಿಹೋದೆ.

ಉಬ್ಬು ಇಳಿಯಲು ಬಹಳ ದಿನ ಬೇಕಾಗಲಿಲ್ಲ. ಅದೇ ಮಕ್ಕಳು ಅಂಗಳದಲ್ಲಿ ಕನ್ನಡ ತೆಲುಗು ಬೆರೆಸಿ ಗಂಟಲು ಹರಿಯುವಂತೆ ಕೂಗಾಡುತ್ತಿದ್ದರು. ಹೊಸಲು ದಾಟಿ ಒಳಗೆ ಬಂದ ಕೂಡಲೇ ಬಾಯಿ ಮುಚ್ಚುತ್ತಿದ್ದರು. ಕೆಮ್ಮು ಬಂದರೆ ಹೊರಗೆ ಓಡಿ ಕೆಮ್ಮಿ ಬರುತ್ತಿದ್ದರು. ಪಾಠ ಹೇಳುವಾಗ ಅವರ ಕಣ್ಣು ನನ್ನ ಮೇಲಲ್ಲ, ಬಾಗಿಲ ಮೇಲೆ. ನಾನೂ ಆಗಾಗ ತಿರುಗಿ ನೋಡತೊಡಗಿದೆ. ಅಲ್ಲಿ ಯಾರೂ ಇರುತ್ತಿರಲಿಲ್ಲ.

ಮೇಜಿನ ಹಿಂದಿನ ಕುರ್ಚಿಗೆ ಒಂದು ಕಪ್ಪು ಕೊಡೆ ನೇತುಹಾಕಿತ್ತು. ಅದರ ಮೇಲೆ ಒಂದು ದಿನವೂ ಧೂಳು ಕಾಣಲಿಲ್ಲ. ಒಮ್ಮೆ ನಾನು ಆ ಕುರ್ಚಿಯಲ್ಲಿ ಕೂರಲು ಹೋದಾಗ ಮಕ್ಕಳೆಲ್ಲ ಒಟ್ಟಿಗೆ ಬೇಡ ಎಂದು ತಲೆ ಅಲ್ಲಾಡಿಸಿದರು. ಅವತ್ತಿನಿಂದ ನಿಂತೇ ಪಾಠ ಮಾಡಿದೆ.

ಒಂದು ಮಧ್ಯಾಹ್ನ ಜೋರು ಗಾಳಿ ಎದ್ದು ಕಿಟಕಿಯ ಬಾಗಿಲು ರಪ್ಪೆಂದು ಬಡಿಯಿತು. ಧನಶ್ರೀ ಎಂಬ ಹುಡುಗಿಯ ಬೆರಳು ಸಂದಿಯಲ್ಲಿ ಸಿಕ್ಕಿಕೊಂಡಿತು. ಅವಳು ಬಾಯಿ ತೆರೆದಳು. ಪಕ್ಕದವಳು ತಕ್ಷಣ ಅಂಗೈಯಿಂದ ಆ ಬಾಯಿಯನ್ನು ಒತ್ತಿ ಹಿಡಿದಳು. ರಕ್ತ ಸುರಿಯಿತು, ಕಣ್ಣೀರು ಸುರಿಯಿತು, ಸದ್ದು ಮಾತ್ರ ಬರಲಿಲ್ಲ. ಇಡೀ ಕ್ಲಾಸು ಬಾಗಿಲನ್ನು ನೋಡುತ್ತಿತ್ತು. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಅವಳನ್ನೆತ್ತಿಕೊಂಡು ಹೊರಗೋಡಿದೆ. ಹೊಸಲು ದಾಟಿದ್ದೇ ತಡ, ಊರಿಗೆಲ್ಲ ಕೇಳುವಂತೆ ಚೀರಿದಳು.

ಬೆರಳಿಗೆ ಬಟ್ಟೆ ಸುತ್ತುತ್ತಾ ಕೇಳಿದೆ, "ಒಳಗೆ ಯಾಕೆ ಅಳಲಿಲ್ಲ ಕಣೇ?"

"ನಾನು ಬರೋಗಂಟ ಒಂದು ಸದ್ದೂ ಬರಬಾರ್ದು ಅಂತ ಮಿಸ್ ಹೇಳಿ ಹೋಗವ್ರೆ."

"ಯಾವ ಮಿಸ್ಸೇ?"

"ಅಂಬಾಬಾಯಿ ಮಿಸ್. ಡೆಪ್ಯುಟೇಷನ್ ಮೇಲೆ ಬೇರೆ ಸ್ಕೂಲಿಗೆ ಹೋಗವ್ರೆ. ಕೊಡೆ ಇಲ್ಲೇ ಬಿಟ್ಟವ್ರೆ. ಬರ್ತಾರೆ."

ನೇರ ಹೆಡ್ ಮಾಸ್ಟರ್ ಕೋಣೆಗೆ ಹೋದೆ. ನರಸಿಂಹಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೋದ ವರ್ಷ ಇದೇ ರೂಮಲ್ಲಿ ಇವರಿಗೆ ಅಂಬಾಬಾಯಿನೇ ಟೀಚರ್. ಕ್ಲಾಸು ಗಲಾಟೆ ಮಾಡ್ತಿತ್ತು, ಸುಮ್ನಿರಿ ಅಂತ ಗದರಿ ನನ್ನ ಹತ್ರ ಸೈನ್ ಹಾಕೋಕೆ ಬಂದ್ರು. ಇಲ್ಲೇ ಕುಸಿದ್ರು. ಕೋಲಾರದ ಆಸ್ಪತ್ರೆ ತಲುಪೋ ಮುಂಚೆ ಹೋಗ್ಬಿಟ್ರು. ಆ ಮಕ್ಕಳು ಸಾಯಂಕಾಲದವರೆಗೂ ಹಂಗೇ ಕೂತಿದ್ವು. ಹೆದರ್ಕೋತಾವೆ ಅಂತ ಡೆಪ್ಯುಟೇಷನ್ ಅಂದ್ವಿ. ಅವರ ಅಪ್ಪ ಅಮ್ಮಂದಿರೂ ಹಂಗೇ ಹೇಳಿದ್ರು."

"ಡೆಪ್ಯುಟೇಷನ್ ಮೇಲೆ ಹೋದವರು ವಾಪಸ್ ಬರ್ತಾರಲ್ಲ ಸಾರ್!"

"ಬಿಡಮ್ಮಾ. ಕ್ಲಾಸು ಶಾಂತವಾಗಿದೆ, ನಿನಗೇನು ಕಷ್ಟ?"

ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ಬೆಳಿಗ್ಗೆ ಕ್ಲಾಸಿನ ನಡುವೆ ನಿಂತು ಹೇಳಿಬಿಟ್ಟೆ, "ಅಂಬಾಬಾಯಿ ಮಿಸ್ ಬೇರೆ ಸ್ಕೂಲಿಗೆ ಹೋಗಿಲ್ಲ. ಅವತ್ತೇ ತೀರಿಕೊಂಡ್ರು. ಅವರು ಇನ್ನು ಬರಲ್ಲ ಮಕ್ಕಳೇ. ನೀವು ಮಾತಾಡಬಹುದು."

ಧನಶ್ರೀ ಎದ್ದು ಹೊಸಲಿನಾಚೆ ಹೋಗಿ ನಿಂತು ಅಲ್ಲಿಂದ ಕೇಳಿದಳು.

"ಹಂಗಾದ್ರೆ ನಾವು ಸದ್ದು ಮಾಡ್ಲಿಲ್ಲ ಅಂತ ಅವರಿಗೆ ಯಾರು ಹೇಳ್ತಾರೆ?"

ಶಾಮಲಮ್ಮನವರ ಬುದ್ಧಿಮಾತುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮಕ್ಕಳೆಲ್ಲ ನನ್ನತ್ತ ನೋಡಿದರು, ಮೊಟ್ಟಮೊದಲ ಸಲ. ನಾನು ಆ ಖಾಲಿ ಕುರ್ಚಿಯ ಕಡೆ ತಿರುಗಿ ಕೈ ಮುಗಿದೆ.

"ಮಿಸ್, ಮಕ್ಕಳು ಒಂದು ಸದ್ದೂ ಮಾಡಲಿಲ್ಲ. ನೀವು ಹೇಳಿದ ಹಾಗೇ ಕೂತಿದ್ರು. ಇನ್ನು ಸಾಕು ಅಂತ ಹೇಳಿ."

ಕೊಡೆ ಒಮ್ಮೆ ಅಲ್ಲಾಡಿತು. ಆಗ ಗಾಳಿ ಇತ್ತೋ ಇಲ್ಲವೋ, ನನಗೆ ನೆನಪಿಲ್ಲ, ನೆನಪು ಮಾಡಿಕೊಳ್ಳಲೂ ಭಯ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಇನ್ನೊಬ್ಬ ಬಿಕ್ಕಿದ. ಆಮೇಲೆ ಇಡೀ ಕ್ಲಾಸು ಒಂದೇ ಸಲ ಗೋಳೋ ಎಂದು ಅಳತೊಡಗಿತು. ಅವರ ಜೊತೆ ನಾನೂ ಅತ್ತೆ.

ನರಸಿಂಹಪ್ಪನವರು ಓಡಿಬಂದರು. "ಏನಮ್ಮಾ ಇದು ಗಲಾಟೆ?"

"ಇರ್ಲಿ ಬಿಡಿ ಸಾರ್," ಎಂದೆ.

ಹೊಸ ಟೀಚರುಗಳು ಬಂದರೆ ಈಗ ನಾನೂ ಒಂದು ಬುದ್ಧಿ ಹೇಳುತ್ತೇನೆ, ಅವರು ನಗುತ್ತಾರೆ. ಮಕ್ಕಳನ್ನು ಸುಮ್ಮನಿರಿ ಎಂದು ಗದರಿ ಹೊರಗೆ ಹೋಗಬೇಡಿ ಎನ್ನುತ್ತೇನೆ. ನಾನಂತೂ ನೀರು ಕುಡಿಯಲು ಹೊರಟರೂ ಹೊಸಲಿನ ಮೇಲೆ ನಿಂತು ಹೇಳಿಯೇ ಹೋಗುವುದು: "ನಾನು ಬರದೇ ಇದ್ರೂ ಮಾತಾಡ್ತಾ ಇರಿ."