ಚೌಳು ಹೊಲದ ಪರೀಕ್ಷೆ

ಚೌಳಹಿರಿಯೂರಿನ ಕೆರೆ ಹಿಂದಿನ ಈರಭದ್ರಪ್ಪನ ಹೊಲದಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಕೂರುತ್ತಿತ್ತು. ಅಂಥ ಹೊಲವನ್ನೇ ಹುಡುಕಿಕೊಂಡು ಭೂವಿಜ್ಞಾನಿ ಭೂಮಿಕಾ ಜೀಪಿನಲ್ಲಿ ಬಂದಾಗ, ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಷ್ಟು ಸಂಭ್ರಮವಾಯಿತು ಅವನಿಗೆ.

ಭೂಮಿಕಾ ಆಳುಗಳಿಂದ ಗುಂಡಿ ತೋಡಿಸಿದಳು. ತಳದಲ್ಲಿ ಉಪ್ಪುನೀರು ಒಸರಿತು.

"ಇದ್ರಲ್ಲಿ ಏನ್ ಹುಡುಕ್ತೀರವ್ವಾ?" ಎಂದು ಈರಭದ್ರಪ್ಪ ಕೇಳಿದ.

"ಲಿಥಿಯಂ, ಪೊಟ್ಯಾಸಿಯಂ. ಒಂದು ಮೊಬೈಲ್ ಬ್ಯಾಟರಿಗೆ ಬೇಕು. ಇನ್ನೊಂದು ನಿಮ್ಮ ಪೊಟ್ಯಾಷ್ ಗೊಬ್ಬರದಲ್ಲಿ ಇರುತ್ತಲ್ಲ, ಅದೇ. ನೀರು ತಿಳಿಯಾಗ್ಲಿ, ಊಟ ಮುಗಿಸ್ಕೊಂಡು ಬಂದು ಬಾಟ್ಲಿಗೆ ತುಂಬ್ತೀನಿ."

ಆಳುಗಳನ್ನೂ ಹತ್ತಿಸಿಕೊಂಡು ಜೀಪು ಊಟಕ್ಕೆ ಪಕ್ಕದ ಯಗಟಿ ಕಡೆ ಹೋಯಿತು. ಈರಭದ್ರಪ್ಪನಿಗೆ ದಿಗಿಲು ಹತ್ತಿತು. ಹುಟ್ಟಿದಾರಭ್ಯ ಏನೂ ಬೆಳೆಯದ ಹೊಲ ಮೊದಲ ಸಲ ಪರೀಕ್ಷೆಗೆ ಕೂತಿದೆ. ನಪಾಸಾದರೆ ಊರಲ್ಲಿ ತಲೆ ಎತ್ತುವುದು ಹೇಗೆ?

ಮನೆಗೆ ಓಡಿದವನು ಪೊಟ್ಯಾಷ್ ಚೀಲ ಹೊತ್ತು ತಂದು ಗುಂಡಿಗೆ ಸುರಿದ. ಹೆಂಡತಿ ತಿಮ್ಮಕ್ಕ ಹಿಂದೆಯೇ ಬಂದಳು. ಬೈಯುತ್ತಾಳೆ ಎಂದುಕೊಂಡರೆ, "ಒಂದ್ರಲ್ಲಿ ಪಾಸಾದ್ರೆ ಸಾಕೇನ್ರೀ? ಇನ್ನೊಂದು ಯಾರು ಬರೀತಾರೆ?" ಎಂದು ಹಳೇ ಮೊಬೈಲಿನ ಊದಿಕೊಂಡ ಬ್ಯಾಟರಿ ಕೈಗಿಟ್ಟಳು. ಅದನ್ನು ಹಾಕಲು ಬಗ್ಗಿದಾಗ ಅಂಗಿ ಜೇಬಿನ ಹೊಸ ಮೊಬೈಲೂ ಜಾರಿ ಗುಂಡಿಗೆ ಬಿತ್ತು.

"ಬರೀ ಬ್ಯಾಟರಿ ಅಂದಿದ್ದು ಕಣ್ರೀ," ಎಂದಳು ತಿಮ್ಮಕ್ಕ.

ಕೋಲು ಹುಡುಕುವಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಭೂಮಿಕಾ ಹಗ್ಗ ಕಟ್ಟಿದ ಡಬ್ಬಿ ಇಳಿಸಿ ಎಳೆದಳು. ಕೆಂಪು ಪೊಟ್ಯಾಷ್ ಕರಗಿ ಇಟ್ಟಿಗೆ ಬಣ್ಣವಾದ ನೀರು ಬಂತು. ಅದರೊಳಗೆ ಮೊಬೈಲೂ ಇತ್ತು.

"ಯಜಮಾನ್ರೇ, ಇದೇನು?"

"ಲಿಥಿಯಂ ಇರ್ಬೌದು ಕಣವ್ವಾ," ಎಂದ ಈರಭದ್ರಪ್ಪ, ಕೆರೆ ಏರಿಯ ಕಡೆ ನೋಡುತ್ತ.

ಭೂಮಿಕಾ ನಕ್ಕೂ ನಕ್ಕೂ ಉಪ್ಪಿನ ಮೇಲೇ ಕೂತುಬಿಟ್ಟಳು. ಆಮೇಲೆ ಗಂಡಹೆಂಡಿರನ್ನು ಜೀಪಿನಲ್ಲಿ ಕೂರಿಸಿ, ಹೊಲದ ಇನ್ನೊಂದು ಮೂಲೆಯಲ್ಲಿ ಬೇರೆ ಗುಂಡಿ ತೋಡಿಸಿ ನೀರು ತುಂಬಿಕೊಂಡಳು. ಬಾಟಲಿಗಳಿಗೆ ಮೊಹರು ಬೀಳುವತನಕ ಇಬ್ಬರನ್ನೂ ಇಳಿಯಗೊಡಲಿಲ್ಲ.

ಕೆಲವು ವಾರಗಳ ಮೇಲೆ ಫಲಿತಾಂಶ ಹೇಳಲು ಭೂಮಿಕಾ ತಾನೇ ಬಂದಳು. ಲಿಥಿಯಂ ಇಲ್ಲವೆನ್ನುವಷ್ಟು ಕಡಿಮೆ. ಪೊಟ್ಯಾಸಿಯಂ ಸ್ವಲ್ಪವೇ ಸ್ವಲ್ಪ.

ಈರಭದ್ರಪ್ಪ ಮೆಲ್ಲಗೆ ಕೇಳಿದ: "ಉಪ್ಪಿನಲ್ಲಿ ಎಷ್ಟು ಬಂತವ್ವಾ?"

"ಉಪ್ಪಿನಲ್ಲಿ, ನಾನು ನೋಡಿದ ಹೊಲಗಳಲ್ಲೆಲ್ಲ ಇದೇ ಫಸ್ಟು."

ಈರಭದ್ರಪ್ಪ ಎದ್ದು ಟವೆಲ್ ಕೊಡವಿ ಹೆಗಲಿಗೇರಿಸಿ, ಊರಿಗೆ ಸುದ್ದಿ ಹೇಳಲು ಟೀ ಅಂಗಡಿ ಕಡೆ ಹೊರಟ.