ಶಮಶಾದಳ ಕಂಪ್ಯೂಟರ್ ಮತ್ತೆ ಎದ್ದಿತು

ಖಜೂರಿಯಲ್ಲಿ ಮದುವೆ ಕಾಲ ಬಂತೆಂದರೆ ಶಮಶಾದಳಿಗೆ ಕೈತುಂಬ ಕೆಲಸ. ಮದುವೆ ಕಾರ್ಡು, ಬಸುರಿಯ ಕುಬಸದ ಕಾರ್ಡು, ಹೊಸ ಮನೆಯ ಕಾರ್ಡು, ಯಾವುದಿದ್ದರೂ ಜನ ಅವಳ ಬಾಗಿಲಿಗೆ ಬರುತ್ತಾರೆ. ಊರು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿದೆ. ಹೆಣ್ಣು ಈ ಕಡೆ, ಗಂಡು ಆ ಕಡೆ. ಹಾಗಾಗಿ ಒಂದೇ ಕಾರ್ಡಿನಲ್ಲಿ ಕನ್ನಡವೂ ಬೇಕು, ಮರಾಠಿಯೂ ಬೇಕು. ಎರಡನ್ನೂ ಚೆಂದ ಹೊಂದಿಸಿ ಕೊಡುವವಳು ಶಮಶಾದ. ನಡುಮನೆಯ ಮೂಲೆಯಲ್ಲಿರುವ ಹಳೇ ಕಂಪ್ಯೂಟರೇ ಅವಳ ಅಂಗಡಿ.

ಆ ದಿನ ಅವಳು ಗುರುಶಾಂತನ ಮಗಳ ಮದುವೆ ಕಾರ್ಡು ಮುಗಿಸುವುದರಲ್ಲಿದ್ದಳು. ಗುರುಶಾಂತ ತೊಗರಿ ವ್ಯಾಪಾರದವನು, ಊರಲ್ಲಿ ಎಲ್ಲರಿಗೂ ಬೇಕಾದವನು. ಇಷ್ಟು ದೊಡ್ಡ ಮನೆತನದ ಕೆಲಸ ಶಮಶಾದಳಿಗೆ ಇದೇ ಮೊದಲು. ಸಂಜೆಯೊಳಗೆ ಕಾರ್ಡು ಆಳಂದದ ಪ್ರೆಸ್ಸಿಗೆ ಹೋಗಬೇಕು. ತಪ್ಪಿದರೆ ಪ್ರೆಸ್ಸಿನವರು ಬೇರೆಯವರ ಕೆಲಸ ಮೊದಲು ಹಿಡಿಯುತ್ತಾರೆ.

ಮಧ್ಯಾಹ್ನ ಕರೆಂಟು ಹೋಗಿ ಬಂತು. ಶಮಶಾದ ಗುಂಡಿ ಒತ್ತಿದಳು. ಪರದೆ ಕಪ್ಪಾಗಿಯೇ ಇತ್ತು. ಮತ್ತೆ ಒತ್ತಿದಳು. ಇಂಗ್ಲಿಷಿನಲ್ಲಿ ಒಂದು ಸಾಲು ಬಂತು, ಅಲ್ಲಿಗೇ ನಿಂತಿತು.

"ರೀ, ಲಗು ಬರ್ರಿ ಇಲ್ಲಿ! ಕಂಪ್ಯೂಟರ್ ಚಾಲೂ ಆಗವಲ್ದು!"

ಗಂಡ ಮುಕ್ರಮ ಲಾರಿ ಡ್ರೈವರ್. ಪುಣೆಯ ಬಾಡಿಗೆ ಮುಗಿಸಿ ಬೆಳಿಗ್ಗೆ ಮನೆಗೆ ಬಂದಿದ್ದ. ಕಣ್ಣುಜ್ಜಿಕೊಂಡು ಎದ್ದು ಬಂದು ನೋಡಿದ.

"ನಾ ಮೊದಲೇ ಹೇಳಿದ್ದೆ. ಮುದಿ ಆಗ್ಯಾದ ಅದು. ಗುಜರಿಗೆ ಹಾಕಿ ಬಿಡೂಣು."

"ಗುಜರಿಗೆ ಹಾಕ್ತೀರಾ? ಗುರುಶಾಂತಣ್ಣನ ಮಗಳ ಕಾರ್ಡು ಅದರ ಹೊಟ್ಟ್ಯಾಗೇ ಅದ! ಸಂಜಿಕ ಏನ್ ಕಳಸ್ಲಿ?"

ಮುಕ್ರಮ ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಫೋನ್ ಹಚ್ಚಿದ. ಆತ ಹೇಳಿದ್ದು ಕೇಳಿ ಇಬ್ಬರ ಮುಖವೂ ಬಾಡಿತು. ಒಳಗಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಬೇಕು, ಹೊಸ ಸಿಸ್ಟಮ್ಮನ್ನು ಈ ಹಳೇ ಡಬ್ಬಿ ತಾಳುವುದಿಲ್ಲ, ಹೊಸ ಕಂಪ್ಯೂಟರ್ ತೊಗೊಂಡುಬಿಡಿ ಎಂದ.

ಶಮಶಾದ ಕುರ್ಚಿಯ ಮೇಲೆ ಕೂತು ಕಣ್ಣೊರೆಸಿಕೊಂಡಳು. ಅಡುಗೆಮನೆಯಿಂದ ಅತ್ತೆ ಪೀರಬಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಅಳಬ್ಯಾಡ ಬೇಟಿ. ಶೈಲಶ್ರೀ ಇವತ್ತ ಮನಿಯಾಗೇ ಇದ್ದಾಳ. ನಾ ಕರೀತೇನಿ." ಹೇಳುತ್ತಲೇ ಹಿತ್ತಲ ಗೋಡೆಯ ಹತ್ತಿರ ಹೋಗಿ, "ಶೈಲಶ್ರೀ! ಏ ಶೈಲಶ್ರೀ! ಜಲ್ದಿ ಬಾ ಬೇ!" ಎಂದು ಕೂಗಿದಳು.

ಶೈಲಶ್ರೀ ಪಕ್ಕದ ಮನೆಯ ಸೊಸೆ. ಆಳಂದದಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಅಂದು ರಜೆ. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈ ತೊಳೆದುಕೊಂಡು ಓಡಿ ಬಂದಳು. ಗುಂಡಿ ಒತ್ತಿ, ಫ್ಯಾನಿನ ಸದ್ದು ಕೇಳಿದಳು. ಪರದೆಯ ಸಾಲು ಓದಿದಳು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ.

"ಮುಕ್ರಮಣ್ಣ, ಒಂದು ಕೇಳ್ತೇನಿ. ನಿಮ್ಮ ಗಾಡಿ ಇಂಜಿನ್ ಚೊಲೊ ಅದ, ಟಾಯರ್ ಚೊಲೊ ಅವ, ಡ್ರೈವರ್ ಒಬ್ಬಾವ ಆರಾಮಿಲ್ದ ಮಲಗ್ಯಾನ. ಗಾಡಿ ಗುಜರಿಗೆ ಹಾಕ್ತೀರೇನು?"

"ಯಾಕ ಹಾಕ್ಲಿರಿ ಅಕ್ಕೋರ? ಬ್ಯಾರೆ ಡ್ರೈವರ್‌ನ ಕೂಡಿಸ್ತೇನಿ."

"ಇದೂ ಹಂಗೇ. ಡಬ್ಬಿ ಕೆಟ್ಟಿಲ್ಲ. ಅದನ್ನ ನಡಸೋ ಆಪರೇಟಿಂಗ್ ಸಿಸ್ಟಮ್ ಮಲಗ್ಯಾದ. ಅಂಗಡ್ಯಾವ ಹಾಕಿಕೊಟ್ಟಿದ್ದು ಭಾಳ ಹಳೇದು. ಅದಕ್ಕ ಈಗ ಅಪ್ಡೇಟ್ ಬರಂಗಿಲ್ಲ, ವೈರಸ್ ಬಂದ್ರ ತಡಿಯಾಂಗಿಲ್ಲ. ಬ್ಯಾರೆ ಸಿಸ್ಟಮ್ ಭಾಳ ಅವರಿ. ಲಿನಕ್ಸ್ ಅಂತಾರ. ಅದರಾಗೂ ನಾನಾ ನಮೂನಿ ಅವ. ಯಾರು ಬೇಕಾದ್ರೂ ರೊಕ್ಕ ಕೊಡದ ಫುಕಟ ಇಳಸ್ಕೋಬಹುದು. ನನ್ನ ಪೆನ್‌ಡ್ರೈವ್‌ದಾಗ ಮೂರು ಹಾಕಿಟ್ಟೇನಿ."

ಫುಕಟ ಎಂಬ ಮಾತು ಕೇಳಿದ್ದೇ ಮುಕ್ರಮ ಕೈ ಅಡ್ಡ ಹಿಡಿದ.

"ಬ್ಯಾಡ್ರಿ. ಫುಕಟ ಅಂದ್ರ ನನಗ ಭರೋಸಾ ಇಲ್ಲ. ಫೋನಿನ್ಯಾಗ ಹಿಂಗೇ ಫುಕಟ ಅಂತ ಏನೋ ಹಾಕ್ಕೊಂಡಿದ್ದೆ. ಆಮ್ಯಾಲ ದಿನಾ ಯಾರ್‍ಯಾರೋ ಫೋನ್ ಹಚ್ಚಿ ತಲಿ ತಿಂದ್ರು."

"ನೀವು ಅನುಮಾನ ಮಾಡೋದು ಖರೇನ ಅದರಿ. ಗೊತ್ತಿಲ್ದಲ್ಲಿಂದ ಏನೂ ಇಳಸಬಾರದು. ಆದ್ರ ಇದು ಬ್ಯಾರೆ. ಇದನ್ನ ಹ್ಯಾಂಗ ಮಾಡ್ಯಾರ ಅನ್ನೋದು ಎಲ್ಲಾರ ಮುಂದ ತೆರದಿಟ್ಟಾರ. ಓದಾಕ ಬರೋರು ಓದಬಹುದು, ತಪ್ಪಿದ್ರ ತಿದ್ದಬಹುದು. ಸಾವಿರಾರು ಮಂದಿ ಕೂಡಿ ಮಾಡ್ಯಾರ. ಅವರಾಗ ಕೆಲವರಿಗಿ ದೊಡ್ಡ ಕಂಪನಿ ಪಗಾರ ಕೊಡ್ತಾವ, ಕೆಲವರು ಖುಷಿಗಿ ಮಾಡ್ತಾರ. ಮೊಹರಂದಾಗ ನೀವು ರಸ್ತಾದ ಬಾಜೂಕ ಶರಬತ್ ಕೊಡ್ತೀರಲ್ಲ, ಕುಡದೋರ ಕಡಿಂದ ಏನರ ಇಸ್ಕೋತೀರೇನು?"

ಪೀರಬಿ ನಕ್ಕಳು. "ಅರೆ, ಶರಬತ್ತಿಗಿ ಯಾರರ ರೊಕ್ಕ ಕೇಳ್ತಾರಾ! ನೀ ಹಾಕ್ ಬೇ. ಇವ ಸುಮ್ನ ವಟಗುಟ್ತಾನ."

"ಹಾಕೂದೂ ಇಲ್ಲ ಖಾಲಾ, ಮೊದಲ ಬರೇ ನೋಡೂಣು," ಎಂದಳು ಶೈಲಶ್ರೀ. "ಪೆನ್‌ಡ್ರೈವ್‌ದಿಂದಲೇ ನಡೀತದ. ಒಳಗ ಏನೂ ಅಳಸಂಗಿಲ್ಲ. ಸೇರಲಿಲ್ಲಂದ್ರ ತಗದು ಬಿಡೂಣು."

ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಚಾಲೂ ಮಾಡಿದಳು. ಪರದೆಯ ಮೇಲೆ ಮೂರು ಹೆಸರು ಬಂದವು: ಉಬುಂಟು, ಲುಬುಂಟು, ಲಿನಕ್ಸ್ ಮಿಂಟ್. ಉಬುಂಟು ಒತ್ತಿದಳು. ಕಪ್ಪು ಪರದೆಯ ಮೇಲೆ ಒಂದಿಷ್ಟು ಚುಕ್ಕಿ ಓಡಾಡಿದವು. ಆಮೇಲೆ ಇಡೀ ಪರದೆ ಬಣ್ಣದಿಂದ ತುಂಬಿಕೊಂಡಿತು.

"ಹತ್ತಿತು! ಹತ್ತಿತು ನೋಡ್ರಿ!" ಶಮಶಾದ ಕುರ್ಚಿಯಿಂದ ಜಿಗಿದೆದ್ದಳು.

"ತಡಿ, ಮೊದಲ ನಿನ್ನ ಕಾರ್ಡು ಹುಡುಕೂಣು." ಶೈಲಶ್ರೀ ಒಳಗಿನ ಡಿಸ್ಕು ತೆರೆದಳು. ಶಮಶಾದಳ ಫೈಲುಗಳೆಲ್ಲ ಸಾಲಾಗಿ ಕೂತಿದ್ದವು. ಕುಬಸದ ಕಾರ್ಡುಗಳು, ಮಕ್ಕಳ ಫೋಟೋಗಳು, ಎಲ್ಲಕ್ಕೂ ಕೆಳಗೆ ಗುರುಶಾಂತನ ಮಗಳ ಕಾರ್ಡು. ಒಂದೂ ಹೋಗಿರಲಿಲ್ಲ. ಶೈಲಶ್ರೀ ಮೊದಲು ಎಲ್ಲವನ್ನೂ ಬೇರೊಂದು ಪೆನ್‌ಡ್ರೈವಿಗೆ ತುಂಬಿಕೊಂಡಳು. ಆಮೇಲೆ ಉಬುಂಟುವಿನಲ್ಲೇ ಇದ್ದ ಚಿತ್ರ ಬಿಡಿಸುವ ಪ್ರೋಗ್ರಾಮಿನಲ್ಲಿ ಕಾರ್ಡು ತೆರೆದಳು.

ಹೂವಿನ ಅಂಚು ಇತ್ತು. ಕಲಶ ಇತ್ತು. ಆದರೆ ಅಕ್ಷರವಿರಬೇಕಾದಲ್ಲಿ ಅರ್ಥವಿಲ್ಲದ ಗೀಟು, ಚುಕ್ಕಿ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

"ನೋಡ್ರಿ, ನಾ ಹೇಳ್ಲಿಲ್ಲೇನು? ಫುಕಟದ್ದು ಹಿಂಗೇ!" ಎಂದ ಮುಕ್ರಮ.

ಶೈಲಶ್ರೀ ಮುಚ್ಚಿಡಲಿಲ್ಲ. "ಇದು ಆಗ್ತದ. ನೀ ಬರದಿದ್ದು ಹಳೇ ಫಾಂಟಿನ್ಯಾಗ. ಆ ಫಾಂಟ್ ಇಲ್ಲದಲ್ಲಿ ಅದು ಹಿಂಗೇ ಕಾಣ್ತದ. ಯುನಿಕೋಡಿನ್ಯಾಗ ಬರದ್ರ ಎಲ್ಲಾ ಕಡೆ, ಫೋನಿನ್ಯಾಗೂ, ಸರಿ ಕಾಣ್ತದ. ಬದಲು ಮಾಡೋ ಸಾಧನ ಅವ, ಆದ್ರ ಕಾರ್ಡಿನ ಮಾತು ಎಷ್ಟಿರ್ತದ? ಮತ್ತೊಮ್ಮೆ ಹೊಡಿ. ಚಿತ್ರ ಎಲ್ಲಾ ಹಂಗೇ ಅವ."

ಶಮಶಾದ ಕೂತಳು. ಕೀಬೋರ್ಡನ್ನು ಕನ್ನಡಕ್ಕೆ ತಿರುಗಿಸಿಕೊಟ್ಟಳು ಶೈಲಶ್ರೀ. ಕೀಲಿಗಳು ಶಮಶಾದಳ ಬೆರಳಿಗೆ ಗೊತ್ತಿದ್ದ ಜಾಗದಲ್ಲೇ ಇದ್ದವು. ಆದರೆ ಒತ್ತಿದ ಅಕ್ಷರ ಪರದೆಗೆ ಬರುವಷ್ಟರಲ್ಲಿ ಒಂದು ಗುಟುಕು ಚಹಾ ಕುಡಿಯಬಹುದಾಗಿತ್ತು.

"ಈ ಡಬ್ಬಿ ವಯಸ್ಸಿಗಿ ಉಬುಂಟು ಭಾರ ಆಯ್ತು. ಹೊಸ ಕಂಪ್ಯೂಟರಿದ್ರ ಓಡ್ತಿತ್ತು. ಹಗುರಿದ್ದದ್ದು ಹಚ್ಚೂಣು," ಎಂದು ಶೈಲಶ್ರೀ ಬರೆದಷ್ಟನ್ನು ಉಳಿಸಿ, ಮತ್ತೆ ಚಾಲೂ ಮಾಡಿ, ಲುಬುಂಟು ಒತ್ತಿದಳು.

ಈ ಸಲ ಪರದೆ ಬೇಗ ಬಂತು. ಶಮಶಾದ ಒಂದು ಸಾಲು ಹೊಡೆದಳು. ಬೆರಳು ಎತ್ತುವುದರೊಳಗೆ ಅಕ್ಷರ ಬಂದಿತ್ತು.

"ಯವ್ವಾ! ಹೊಸದು ತಂದಾಗೂ ಇಷ್ಟು ಜೋರ್ ಓಡಿರಲಿಲ್ಲ ಇದು!"

ಆಮೇಲೆ ಮನೆಯೇ ಪ್ರೆಸ್ಸಾಯಿತು. ಗುರುಶಾಂತ ಬರೆದುಕೊಟ್ಟ ಮಾತುಗಳ ಫೋಟೋ ಮುಕ್ರಮನ ಫೋನಿನಲ್ಲಿತ್ತು. ಅವನು ಓದುತ್ತ ಹೋದ, ಶಮಶಾದ ಹೊಡೆಯುತ್ತ ಹೋದಳು. ಕನ್ನಡ ಮುಗಿಯಿತು. ಕೀಬೋರ್ಡು ಮರಾಠಿಗೆ ತಿರುಗಿತು. ವರ್ಷಗಟ್ಟಲೆ ಪುಣೆಯ ರಸ್ತೆಯಲ್ಲಿ ಗಾಡಿ ಓಡಿಸಿದ ಮುಕ್ರಮನಿಗೆ ಮರಾಠಿ ಚೆನ್ನಾಗಿ ಬರುತ್ತದೆ. "ಇಲ್ಲಿ ದೀರ್ಘ ಹಾಕು, ಅಲ್ಲಿ ಚುಕ್ಕಿ ಹಾಕು," ಎನ್ನುತ್ತ ಅವನೇ ಹೆಂಡತಿಯ ಹೆಗಲ ಮೇಲಿಂದ ಬಾಗಿ ತಿದ್ದಿಸಿದ. ಫುಕಟದ ಮಾತು ಅವನಿಗೆ ಮರೆತೇ ಹೋಗಿತ್ತು.

ಗುರುಶಾಂತ ಬಾಗಿಲಿಗೆ ಬಂದಾಗ ಕಾರ್ಡು ಪರದೆಯ ಮೇಲೆ ಮಿಂಚುತ್ತಿತ್ತು. ಅವನು ನಿಂತಲ್ಲೇ ಓದಿದ. ಮಗಳ ಹೆಸರಿನ ಹತ್ತಿರ ಬಂದು ಅದರ ಮೇಲೆ ಬೆರಳಿಟ್ಟ.

"ಭಾಳ ಚೊಲೊ ಆಗ್ಯಾದವಾ ಶಮಶಾದ. ಬೀಗರು ಉಮರ್ಗಾದವರು, ಮರಾಠಿ ತಪ್ಪಿದ್ರ ನಗ್ತಿದ್ರು. ಒಂದೂ ತಪ್ಪಿಲ್ಲ ನೋಡು."

"ಅದು ನಾ ನೋಡೇನ್ರಿ," ಎಂದ ಮುಕ್ರಮ, ಎದೆಯುಬ್ಬಿಸಿ.

ಮುಕ್ರಮನ ಫೋನಿನಿಂದ ನೆಟ್ ಹಿಡಿದು ಪ್ರೆಸ್ಸಿಗೆ ಕಳಿಸಿದರು. ಎಲ್ಲರೂ ಫೋನನ್ನೇ ನೋಡುತ್ತ ನಿಂತರು. ಅದು ರಿಂಗಾಯಿತು. "ಬಂದದರಿ, ಅಕ್ಷರ ಎಲ್ಲಾ ಸ್ವಚ್ಛ ಅದ, ಮಷೀನಿಗಿ ಹಾಕಾಕತ್ತೇವಿ," ಎಂದಿತು ಆ ಕಡೆಯ ದನಿ. ಶಮಶಾದ ಶೈಲಶ್ರೀಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಪೀರಬಿ ಎಲ್ಲರ ಬಾಯಿಗೂ ಬೆಲ್ಲ ಹಾಕಿದಳು.

ಮರುದಿನ ಶೈಲಶ್ರೀ ಬಂದಾಗ ಮುಕ್ರಮನೇ ಬಾಗಿಲಲ್ಲಿ ಕಾಯುತ್ತಿದ್ದ.

"ಅಕ್ಕೋರ, ಮೂರನೇದು ನೋಡಲೇ ಇಲ್ಲಲ್ಲ. ಆ ಮಿಂಟ್ ಹ್ಯಾಂಗದ?"

ಮಿಂಟ್ ತೆರೆದು ತೋರಿಸಿದಳು. ಕೆಳಗಿನ ಪಟ್ಟಿ, ಮೂಲೆಯ ಮೆನು, ಎಲ್ಲ ಹಳೆಯ ಕಂಪ್ಯೂಟರಿನಂತೆಯೇ ಕಂಡಿತು. "ಇದೇ ಚೊಲೊ! ಇದೇ ಇರಲಿ," ಎಂದ ಮುಕ್ರಮ. "ಇಲ್ರಿ, ನನಗ ಲುಬುಂಟುನೇ ಬೇಕು, ಅದು ಹಗುರ ಓಡ್ತದ," ಎಂದಳು ಶಮಶಾದ. ಇಬ್ಬರೂ ಪಟ್ಟು ಬಿಡಲಿಲ್ಲ.

"ಜಗಳ ಯಾಕ?" ಶೈಲಶ್ರೀ ನಕ್ಕಳು. "ಒಂದೇ ಮನಿಯಾಗ ಎರಡು ಒಲಿ ಹೂಡಬಹುದಲ್ಲ! ಎರಡೂ ಹಾಕ್ತೇನಿ. ಚಾಲೂ ಮಾಡಿದಾಗ ಯಾವುದು ಅಂತ ಕೇಳ್ತದ. ಬೇಕಾದ್ದು ಒತ್ರಿ."

ಹಾಗೆಯೇ ಆಯಿತು. ಹಳೆಯ ಸಿಸ್ಟಮ್ಮನ್ನು ತೆಗೆಯುವ ಮೊದಲು ಫೈಲುಗಳು ಬೇರೆ ಕಡೆ ಸರಿಯಾಗಿ ತೆರೆಯುತ್ತವೆಯೇ ಎಂದು ಮತ್ತೊಮ್ಮೆ ನೋಡಿದರು. ಪ್ರಿಂಟರ್ ನಡೆಯುತ್ತದೆಯೇ ಎಂದು ಒಂದು ಹಾಳೆ ತೆಗೆದು ನೋಡಿದರು. ಶಮಶಾದ ಕಾರ್ಡು ಮಾಡುತ್ತಿದ್ದ ಹಳೇ ಡಿಸೈನ್ ಪ್ರೋಗ್ರಾಮ್ ಮಾತ್ರ ಹೊಸದರಲ್ಲಿ ಬರಲಿಲ್ಲ. ಅದರ ಬದಲಿಗೆ ಇಂಕ್‌ಸ್ಕೇಪ್ ಎಂಬುದನ್ನು ಶಮಶಾದ ಕಲಿಯಬೇಕಾಯಿತು. ಮೊದಮೊದಲು ತಡವರಿಸಿದಳು, ಬೈದುಕೊಂಡಳು. ಒಂದೆರಡು ಕಾರ್ಡು ಮಾಡುವಷ್ಟರಲ್ಲಿ ಕೈ ಕುದುರಿತು.

ಒಂದು ದಿನ ಪೀರಬಿ ಬಂದು ಸೊಸೆಯ ಪಕ್ಕ ಕೂತಳು. ಪೀರಬಿ ಚಿಕ್ಕಂದಿನಲ್ಲಿ ಓದಿದ್ದು ಉರ್ದು ಮಾತ್ರ.

"ಬೇಟಿ, ಇದಕ್ಕ ಕನ್ನಡ ಬರ್ತದ, ಮರಾಠಿ ಬರ್ತದ. ನನ್ನ ಉರ್ದು ಬರ್ತದೇನು?"

ಶಮಶಾದಳಿಗೂ ಗೊತ್ತಿರಲಿಲ್ಲ. ಕೀಬೋರ್ಡಿನ ಪಟ್ಟಿಯಲ್ಲಿ ಹುಡುಕಿದಳು. ಉರ್ದು ಇತ್ತು! ಅತ್ತೆಯ ಬೆರಳು ಹಿಡಿದು ಒಂದೊಂದೇ ಕೀಲಿ ತೋರಿಸಿದಳು. ಅಕ್ಷರಗಳು ಬಲಗಡೆಯಿಂದ ಹೊರಟು, ಒಂದಕ್ಕೊಂದು ಕೈಹಿಡಿದುಕೊಂಡು ಎಡಕ್ಕೆ ಸಾಗಿದವು. ಪೀರಬಿ ಕನ್ನಡಕ ಸರಿಮಾಡಿಕೊಂಡು ತನ್ನ ಹೆಸರನ್ನು ತಾನೇ ಓದಿದಳು. ಎರಡು ಸಲ ಓದಿದಳು.

"ಮುಕ್ರಮ! ಲೇ ಮುಕ್ರಮ! ಬಾ ಇಲ್ಲಿ, ನಿಮ್ಮವ್ವ ಏನ್ ಬರದಾಳ ನೋಡು!"

ಈಗ ಆ ಮನೆಯಿಂದ ಕಾರ್ಡುಗಳು ಮೂರು ಭಾಷೆಯಲ್ಲಿ ಹೊರಡುತ್ತವೆ. ಉರ್ದು ಕಾರ್ಡಿನ ಅಕ್ಷರ ತಿದ್ದುವ ಕೆಲಸ ಪೀರಬಿಯದು. ಮುಕ್ರಮ ಢಾಬಾದಲ್ಲಿ ಗಾಡಿ ನಿಲ್ಲಿಸಿದಾಗ ಜೊತೆಯವರಿಗೆ ಹೇಳುತ್ತಾನಂತೆ: "ನಿಮ್ಮ ಮನಿಯಾಗ ಹಳೇ ಕಂಪ್ಯೂಟರ್ ಅದನೋ? ಒಗೀಬ್ಯಾಡ್ರಿ. ಮೊದಲ ನಮ್ಮ ಅಕ್ಕೋರನ ಕೇಳ್ರಿ."

ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ಅಕ್ಕ ತಂಗಿಯರೆ, ಅಣ್ಣ ತಮ್ಮಂದಿರೆ, ಈ ಮಾತು ನಿಮಗೂ ಹೇಳಿದ್ದು. ನಿಮ್ಮ ಮನೆಯಲ್ಲೋ ಸಂಘದ ಕೋಣೆಯಲ್ಲೋ ಕಂಪ್ಯೂಟರ್ ನಿಧಾನವಾಗಿದ್ದರೆ, ಅದಕ್ಕೆ ಅಪ್ಡೇಟ್ ನಿಂತುಹೋಗಿದ್ದರೆ ಎದೆಗುಂದಬೇಡಿ. ಸಿಸ್ಟಮ್ಮಿನ ಕದ್ದ ಕಾಪಿ ಹಾಕಿಸಿಕೊಳ್ಳಲೂಬೇಡಿ. ಮೊದಲು ನಿಮ್ಮ ಫೋಟೋ, ಫೈಲು ಬೇರೆ ಕಡೆ ತೆಗೆದಿಡಿ. ಲಿನಕ್ಸನ್ನು ಅದರ ಸ್ವಂತ ಅಧಿಕೃತ ಜಾಲತಾಣದಿಂದಲೇ ಇಳಿಸಿ, ಬೇರೆಲ್ಲಿಂದಲೂ ಬೇಡ. ಅದನ್ನು ಪೆನ್‌ಡ್ರೈವಿಗೆ ಹಾಕಿ, ಅಲ್ಲಿಂದಲೇ ನಡೆಸಿ ನೋಡಿ. ಒಂದು ಭಾರವಾದರೆ ಇನ್ನೊಂದು ಹಗುರದ್ದಿದೆ. ನಿಮ್ಮ ಪ್ರಿಂಟರು, ನಿಮ್ಮ ಕೆಲಸ ಅದರಲ್ಲಿ ನಡೆಯುತ್ತದೆಂದು ಖಾತ್ರಿಯಾದ ಮೇಲೆ, ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಕಿ. ಕಲಿತ ಮೇಲೆ ನೆರೆಮನೆಯವರಿಗೂ ಕಲಿಸಿ.

ಇಂದೇ ಒಂದು ಪೆನ್‌ಡ್ರೈವ್ ಹಿಡಿದು ಕೂತುಕೊಳ್ಳಿ. ಪರದೆ ಬೆಳಗಿದ ಕೂಡಲೇ ಮೊದಲು ನಿಮ್ಮ ಹೆಸರು ಬರೆಯಿರಿ, ನಿಮ್ಮ ಭಾಷೆಯಲ್ಲಿ.