ಬೇರೆ ಗ್ರೂಪಿನ ವಿಡಿಯೋ

ಚಿಮ್ಮಿ ಹೋಯ್ತು, ಈ ಕಾಳೇ ಹಿಂಗೆ, ಬೆರಳ ಸಂದಿಯಲ್ಲಿ ಇದೆ ಇದೆ ಅನ್ನುವಷ್ಟರಲ್ಲಿ ಸಿಪ್ಪೆ ಕೈಗೆ ಕೊಟ್ಟು ತಾನು ಎಲ್ಲೋ — ಸೋಫಾದ ಕೆಳಗೆ ಸೇರಿರಬೇಕು, ಇರಲಿ, ಕಸ ಗುಡಿಸುವಾಗ ಸಿಕ್ಕೀತು, ನೆನೆಹಾಕಿದ ಅವರೆಕಾಳಿನ ಪಾತ್ರೆಗೆ ಕೈಯಿಟ್ಟು ಕೂತು ಎಷ್ಟು ಹೊತ್ತಾಯಿತೋ, ಸುಮಾಳ ಬೆರಳ ತುದಿಗಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿವೆ, ಹೊರಗೆ ಗೇಟಿನ ಹತ್ತಿರ ಸಿದ್ದು ಸ್ಕೂಟರ್ ತೊಳೆಯುತ್ತಿದ್ದಾನೆ, ಭಾನುವಾರ ಬಂದರೆ ಗಂಡನಿಗೆ ಅದೊಂದು, ವಾರವಿಡೀ ವರ್ಕ್‌ಶಾಪಿನಲ್ಲಿ ರೈಲು ಡಬ್ಬಿಗಳ ಜೊತೆ ಗುದ್ದಾಡಿದ್ದು ಸಾಲದು ಅಂತ ಇರುವ ಒಂದು ಸ್ಕೂಟರನ್ನು ಉಜ್ಜಿ ಉಜ್ಜಿ — ಉಜ್ಜಲಿ, ಮಾತಾಡುವುದಕ್ಕಿಂತ ಅದು ಸುಲಭ, ಇಬ್ಬರಿಗೂ. ಇಷ್ಟೊಂದು ಕಾಳು ಯಾಕೆ ತಂದ್ರಿ ಅಂತ ಅವಳು ನಿನ್ನೆ ಕೇಳಲಿಲ್ಲ, ಅವನೂ ಚೀಲ ಕೆಳಗಿಟ್ಟ ಮೇಲೆ ನೋಡಿ ಸುಮ್ಮನಾದ, ಮೂವರ ಅಳತೆ ಕೈಗೆ ಕೂತುಬಿಟ್ಟಿದೆ, ಆದರೆ ಮಗ ಗೌತಮನಿಗೆ ಹಿದುಕಿದಬೇಳೆ ಸಾರು ಕಂಡರೇ ಆಗುತ್ತಿರಲಿಲ್ಲ, ಕಮಟು ವಾಸನೆ ಕಣಮ್ಮ ಅಂತ ಮೂಗು ಮುಚ್ಚಿಕೊಂಡು ಮೊಟ್ಟೆ ಬೇಯಿಸಿಕೊಡು ಅನ್ನುತ್ತಿದ್ದ, ಈಗ ಮನೆಗೆ ಮೊಟ್ಟೆ ತರುವುದೇ ನಿಂತಿದೆ, ಕಾಳು ಮಾತ್ರ ಮೂವರದ್ದೇ ಬರುತ್ತದೆ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಅವರ ಪಕ್ಕ ಅವನು, ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿಗೆ ತೆಗೆಸಿದ ಫೋಟೋವನ್ನೇ ದೊಡ್ಡದು ಮಾಡಿಸಿದ್ದು, ಕೂದಲು ಬಾಚಿಕೊಂಡಿಲ್ಲ, ಬಾಚ್ಕೋ ಅಂದಿದ್ದೆ, ಪರೀಕ್ಷೆ ಬರೆಯೋದು ತಲೆ ಒಳಗಡೆಯಿಂದ ಅಂದಿದ್ದ, ಪರೀಕ್ಷೆಯೇನೋ ಬರೆದ, ಮುಗಿದ ಮಾರನೇ ದಿನ ಹುಡುಗರ ಜೊತೆ ಹೊಳೆಗೆ ಹೋದ, ಅಷ್ಟೇ, ಅದಾಗಿ ಎರಡು ಬೇಸಿಗೆ ಕಳೆದು ಇದು ಮೂರನೆಯ ಅವರೆಕಾಯಿ ಕಾಲ.

ಟಿಣ್ ಅಂತು ಫೋನು, ಟೀವಿ ಸ್ಟ್ಯಾಂಡಿನ ಮೇಲೆ, ನೋಡಬೇಕಾಗಿಲ್ಲ, ಟೌನ್ ಬಸ್ ಗ್ರೂಪಿನದೇ, ಶುಭ ಭಾನುವಾರ ಅಂತ ಒಂದು ಕಮಲದ ಹೂವು, ಎರಡು ಕೈ ಮುಗಿದಿದ್ದು, ಊಟ ಆಯ್ತಾ ಸುಮಾ ಅಂತ ಪ್ರೀತಿ, ಆಯ್ತು ಅಂತ ತಾನು, ಮುಗೀತು ಅವತ್ತಿನದು. ಹಿಂಗಿರಲಿಲ್ಲ ಅದು. ಕಾಲೇಜಿಂದ ಒಂದೇ ಟೌನ್ ಬಸ್ಸಿಗೆ ಕಾಯುತ್ತಿದ್ದ ನಾಲ್ಕು ಜನ, ಮದುವೆ ಮಕ್ಕಳು ಅಂತ ದಿಕ್ಕಾಪಾಲಾದ ಮೇಲೆ ಜೆನ್ನಿ ಎಲ್ಲರ ನಂಬರ್ ಹುಡುಕಿ ಮಾಡಿದ ಗ್ರೂಪು, ಬೆಳಗ್ಗೆ ಹಾಲು ಉಕ್ಕಿದ್ದರಿಂದ ಹಿಡಿದು ಎಲ್ಲ ಬರುತ್ತಿತ್ತು ಅದರಲ್ಲಿ, ಲಷ್ಕರ್ ಮೊಹಲ್ಲಾದ ಜೆನ್ನಿ ತಮ್ಮನ ಮದುವೆಗೆ ಚರ್ಚಿನ ತನಕ ಎರಡು ಕಾಲಿಗೆ ಎರಡು ಥರದ ಚಪ್ಪಲಿ ಹಾಕಿಕೊಂಡು ಹೋಗಿ ಪೂಜೆ ಮುಗಿಯುವವರೆಗೂ ಸೀರೆ ಇಳಿಬಿಟ್ಟು ನಿಂತಿದ್ದು, ಬ್ಯಾಂಕಿನ ನಿಶಾಂತ ಫೋನಿನಲ್ಲಿ ನೋಡಿ ತರಿಸಿದ ಪರದೆ ಕರ್ಚೀಫಿನಷ್ಟು ಬಂದಿದ್ದು, ಪ್ರೀತಿ ಊಟಿಯಲ್ಲಿ ಕಾರಿನೊಳಗೆ ಬೀಗದ ಕೈ ಬಿಟ್ಟು ಬಾಗಿಲು ಹಾಕಿ ಗಂಡನ ಕೈಲಿ ಬೈಸಿಕೊಂಡಿದ್ದು — ಅದನ್ನ ಅವಳು ಅಲ್ಲೇ ಚಳೀಲಿ ನಿಂತು ರೆಕಾರ್ಡ್ ಮಾಡಿ ಕಳಿಸಿದ್ದಳು, ಹಿಂದೆ ಗಂಡ ಬೈಯೋದೂ ಕೇಳಿಸ್ತಿತ್ತು, ಹೊಟ್ಟೆ ಹಿಡಕೊಂಡು ನಕ್ಕಿದ್ದಾಯಿತು. ಆದರೆ ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವಳು ಸುಮಾನೇ, ಚೌಲ್ಟ್ರಿ ತಪ್ಪಿ ಯಾರದೋ ಮದುವೆಗೆ ನುಗ್ಗಿ ಗಂಡು ಹೆಣ್ಣಿಗೆ ಅಕ್ಷತೆ ಹಾಕಿ ಪಂಕ್ತಿಯಲ್ಲಿ ಕೂತು ಹೋಳಿಗೆ ಎರಡನೇ ಸಲ ಹಾಕಿಸಿಕೊಂಡ ಮೇಲೆ, ರೀ, ಇವರು ನಮ್ಮೋರಲ್ಲ ಕಣ್ರೀ ಅಂತ ತಾನು ಸಿದ್ದುವಿನ ಕಿವಿಯಲ್ಲಿ ಅಂದದ್ದನ್ನು ಅವಳು ಬರೆದಾಗ ಜೆನ್ನಿ ಅರ್ಧ ರಾತ್ರಿಗೆ ಫೋನ್ ಮಾಡಿ ನಕ್ಕಿದ್ದಳು. ನಕ್ಕಿದ್ದಳು. ಹೊಳೆ ಆದಮೇಲೆ ಯಾರೂ ಏನೂ ಬರೆಯಲಿಲ್ಲ, ಮೊದಮೊದಲು ಸರಿ, ಬರೆಯಬಾರದು, ಆಮೇಲೆ ಹೂವುಗಳು ಶುರುವಾದವು, ಹಬ್ಬದ ಶುಭಾಶಯಗಳು ಶುರುವಾದವು, ಯಾರ ಮನೆಯಲ್ಲೂ ಕುಕ್ಕರ್ ಸಿಡಿಯಲಿಲ್ಲ, ಯಾರೂ ಎಲ್ಲಿಗೂ ಹೋಗಲಿಲ್ಲ, ಯಾರ ಬೀಗದ ಕೈಯೂ ಕಳೆಯಲಿಲ್ಲ, ತನ್ನದೊಂದು ದುಃಖ ಇಷ್ಟು ಜನರ ಮನೆಯ ದೀಪ ಸಣ್ಣದು ಮಾಡಿತಲ್ಲ ಅಂತ ಸುಮಾಳಿಗೆ ಒಳಗೊಳಗೇ ಅಪರಾಧ. ಅದಕ್ಕೇ ಅಲ್ಲವಾ ಹೋದ ತಿಂಗಳು ತಾನೇ ಬರೆದದ್ದು, ಗಟ್ಟಿ ಮನಸ್ಸು ಮಾಡಿ, ಕೋತಿಯೊಂದು ಕಿಟಕಿಯಿಂದ ಬಂದು ಒಗೆಯಲು ಹಾಕಿದ್ದ ಸಿದ್ದುವಿನ ವರ್ಕ್‌ಶಾಪ್ ಅಂಗಿ ಎತ್ತಿಕೊಂಡು ಹೋಗಿ ಎದುರುಮನೆ ನೀರಿನ ಟ್ಯಾಂಕಿನ ಮೇಲೆ ಹಾಕಿಕೊಂಡು ಕೂತಿತ್ತು, ಡ್ಯೂಟಿಗೆ ಹೊರಟ ಹಾಗೆ, ಅಂತ. ಎರಡು ಸಲ ಓದಿ, ತಿದ್ದಿ, ಕಳಿಸಿ, ಕಾದಳು. ಜೆನ್ನಿ ಒಂದು ಹೃದಯ ಹಾಕಿದಳು. ನಿಶಾಂತ ಕೈ ಮುಗಿದ. ಪ್ರೀತಿ ಬರೆದಳು — ಟೇಕ್ ಕೇರ್ ಸುಮಾ, ನಾವೆಲ್ಲ ನಿನ್ನ ಜೊತೆ ಇದೀವಿ.

ಕೋತಿಗೆ ಟೇಕ್ ಕೇರ್. ಮತ್ತೆ ಟಿಣ್, ಎದ್ದಳು, ಮೊಣಕಾಲು ಹಿಡಿದುಕೊಂಡಿದೆ, ಒದ್ದೆ ಬೆರಳಿಗೆ ಫೋನು ಬಗ್ಗುವುದಿಲ್ಲ, ನೈಟಿಗೆ ಒರೆಸಿ ಒತ್ತಿದಳು, ಹೂವಲ್ಲ, ವಿಡಿಯೋ, ಜೆನ್ನಿಯದು, ಕೆಳಗೆ ಬರೆದಿದ್ದಾಳೆ ನಿಶಾಂತನ ಹೊಸ ಚಪ್ಪಲಿ ಕಾವೇರಮ್ಮನ ಪಾಲು ಅಂತ, ಜೊತೆಗೆ ನಕ್ಕು ನಕ್ಕು ಕಣ್ಣೀರು ಬಂದ ಆ ಹಳದಿ ಮುಖಗಳು ಸಾಲಾಗಿ, ಎಷ್ಟು ದಿನ ಆಯ್ತು ಆ ಮುಖಗಳನ್ನ ನೋಡಿ, ನೋಡುತ್ತಲೇ ತನ್ನ ತುಟಿಯೂ ಸ್ವಲ್ಪ ಅಗಲವಾಯಿತು, ನಿಜವಾಗಿ ಆಯಿತು, ಆಮೇಲೆ ಒತ್ತಿದಳು. ಬಿಸಿಲು, ನೀರಿನ ಮೇಲೆ ಬಿಸಿಲು ಬಿದ್ದು ಏನೂ ಕಾಣದು, ಆಮೇಲೆ ನಿಶಾಂತ, ಪ್ಯಾಂಟು ಮಂಡಿಯವರೆಗೆ ಮಡಿಸಿಕೊಂಡು ಒಂದು ಚಪ್ಪಲಿ ಕೈಯಲ್ಲಿ ಹಿಡಿದು ಇನ್ನೊಂದು ತೇಲಿಹೋದ ದಿಕ್ಕು ತೋರಿಸುತ್ತಿದ್ದಾನೆ, ದಡದಲ್ಲಿ ಪ್ರೀತಿ, ಹುಲ್ಲಿನ ಮೇಲೆ ಬಟ್ಟೆ ಹಾಸಿ ಡಬ್ಬಿಗಳ ಮುಚ್ಚಳ ತೆಗೆಯುತ್ತಾ ಬಿದ್ದೂ ಬಿದ್ದೂ ನಗುತ್ತಿದ್ದಾಳೆ, ದಪ್ಪಗಾಗಿದ್ದಾಳೆ, ಚೆನ್ನಾಗಿ ಕಾಣುತ್ತಾಳೆ, ಫೋನ್ ಹಿಡಿದಿರುವುದು ಜೆನ್ನಿ, ಅವಳದ್ದು ಬರೀ ದನಿ, ಸಮರ್ಥ, ಹಾರೋ, ನಾನು ವಿಡಿಯೋ ಮಾಡ್ತಾ ಇದೀನಿ, ಹಾರು, ಫೋನು ಆ ಕಡೆ ತಿರುಗುತ್ತದೆ, ಬಂಡೆ, ಬಂಡೆಯ ಮೇಲೆ ಪ್ರೀತಿಯ ಮಗ ಸಮರ್ಥ, ಎಲ್‌ಕೇಜಿಯಿಂದ ಗೌತಮನ ಪಕ್ಕ ಕೂತವನು, ಅವತ್ತು ಜ್ವರ ಅಂತ ಹೊಳೆಗೆ ಹೋಗದೆ ಉಳಿದವನು, ಮೀಸೆ ಬಂದಿದೆ, ಭುಜ ಅಗಲವಾಗಿದೆ, ಇಷ್ಟು ದೊಡ್ಡವನಾಗಿಬಿಟ್ಟನೇ, ಹಾಗಾದರೆ ನಮ್ಮವನೂ ಇಷ್ಟೇ — ಎರಡು ಕೈ ಮೇಲೆತ್ತಿದ, ಹಾರಿದ, ನೀರು ಎದ್ದಿತು, ನೀರು ಕೂತಿತು, ಹಸಿರು ನೀರು, ಉಂಗುರ ಉಂಗುರ, ಜೆನ್ನಿ ಎಣಿಸುತ್ತಿದ್ದಾಳೆ ಒನ್, ಟೂ — ಅಲ್ಲಿಗೆ ಹೋಯಿತು. ವಿಡಿಯೋ ಇಲ್ಲ. ಈ ಸಂದೇಶವನ್ನು ಅಳಿಸಲಾಗಿದೆ. ಅದರ ಕೆಳಗೆ ಒಂದು ಕ್ಷಣ, ಅಯ್ಯೋ ಯೇಸಪ್ಪಾ ರಾಂಗ್ ಗ್ರೂಪು ಅಂತ ಬಂತು, ಅದನ್ನೂ ಅಳಿಸಿದಳು. ಅವಳು ಕಾದಳು, ಏನಕ್ಕೆ ಅಂತ ಗೊತ್ತಿಲ್ಲ, ಫೋನು ಹಿಡಿದುಕೊಂಡೇ ನಿಂತಳು, ಸ್ವಲ್ಪ ಹೊತ್ತಿಗೆ ಅದೇ ಜೆನ್ನಿಯಿಂದ ಒಂದು ಕಮಲದ ಹೂವು ಬಂತು, ಶುಭ ಭಾನುವಾರ.

ರಾಂಗ್ ಗ್ರೂಪು ಅಂದರೆ ಇನ್ನೊಂದಿದೆ. ರೈಟ್ ಗ್ರೂಪು. ಅಲ್ಲಿ ಕುಕ್ಕರ್ ಸಿಡಿಯುತ್ತಿದೆ, ಅಲ್ಲಿ ಬೀಗದ ಕೈ ಕಳೆಯುತ್ತಿದೆ, ಎಲ್ಲ ಮೊದಲಿನಂತೆಯೇ ನಡೆದಿದೆ, ಇಷ್ಟು ದಿನವೂ, ಇವಳೊಬ್ಬಳು ಸ್ಟಾಪಿನಲ್ಲಿ ನಿಂತು ಬಸ್ಸೇ ಬರ್ತಿಲ್ಲ ಅಂತ ತಿಳಿದಿದ್ದಾಳೆ. ಎಷ್ಟು ಪೆದ್ದು ಸುಮಾ ನೀನು. ಕುವೆಂಪುನಗರದ ಪ್ರೀತಿ ಮನೆಗೆ ದಸರೆಯಲ್ಲಿ ಹೋದಾಗ ಫ್ರಿಜ್ಜಿನ ಮೇಲೆ ಪಾಂಡಿಚೇರಿ ಅಂತ ಬರೆದ ಪುಟ್ಟ ದೋಣಿ ಅಂಟಿಸಿತ್ತು, ಚೆನ್ನಾಗಿದೆ ಕಣೇ ಅಂದದ್ದಕ್ಕೆ, ಯಾರೋ ಕೊಟ್ರು ಅಂತ ಫ್ರಿಜ್ಜಿಗೆ ಅಡ್ಡ ನಿಂತಿದ್ದಳು, ಅದೇ ವಾರ ಜೆನ್ನಿ ಸಿಕ್ಕಾಗ ಮೂಗಿನ ಮೇಲೆ ಬಿಸಿಲಿಗೆ ಚರ್ಮ ಸುಲಿದಿತ್ತು, ಏನೇ ಇದು ಅಂದರೆ ಕ್ರೀಮು ಆಗಿಬರಲಿಲ್ಲ ಅಂದಿದ್ದಳು. ಕೆಟ್ಟವರಲ್ಲ ಅವರು, ಅದೇ ಕಷ್ಟ, ಕೆಟ್ಟವರಾಗಿದ್ದರೆ ಹೋಗ್ರೇ ಅಂದುಬಿಡಬಹುದಿತ್ತು, ತಿಂಗಳುಗಟ್ಟಲೆ ಮನೆಗೆ ಊಟ ತಂದುಕೊಟ್ಟವರು, ರಾತ್ರಿಯೆಲ್ಲ ತಲೆ ಹತ್ತಿರ ಕೂತವರು, ಅಳು ಕಣೇ ಅಂದವರು, ಆಮೇಲೆ ಎಲ್ಲೋ ಒಂದು ದಿನ ಮೂವರೂ ಕೂತು, ಪಾಪ, ಸುಮಾಗೆ ನೋವಾಗುತ್ತೆ, ಅಲ್ಲಿ ಹಾಕೋದು ಬೇಡ ಅಂತ — ಯಾರು ಮೊದಲು ಅಂದಿರಬಹುದು, ಪ್ರೀತಿಯಾ, ಪ್ರೀತಿಗೇ ಭಯ, ಜ್ವರ ಬಂದು ಮಗ ಉಳಿದ ಅಂತ ಸುಮಾಳ ಮುಖ ನೋಡಲು ಅವಳಿಗೇ ಭಯ, ಸಮರ್ಥನನ್ನು ಈ ಮನೆಗೆ ಕಳಿಸುವುದನ್ನೇ ಬಿಟ್ಟಳು, ಕಳಿಸಿದ್ದರೆ ಅವನ ಮೀಸೆ ಹೀಗೆ ಒಮ್ಮೆಲೇ ಬಂದು ಎದೆಗೆ ಒದೆಯುತ್ತಿರಲಿಲ್ಲ, ದಿನಾ ಸ್ವಲ್ಪ ಸ್ವಲ್ಪ ನೋಡುತ್ತಾ ನೋಡುತ್ತಾ ಗೌತಮನೂ ಇಷ್ಟಿಷ್ಟೇ ಬೆಳೆಯುತ್ತಿದ್ದನಲ್ಲ. ಆದರೆ ಇದೆಲ್ಲ ಇರಲಿ, ಇದೆಲ್ಲ ಆಮೇಲೆ, ಈಗ ಒಂದೇ, ಜೆನ್ನಿ ಟೂ ಅಂದಳು, ಆಮೇಲೆ? ಅವತ್ತು ಅವಳನ್ನು ದಡದಿಂದ ದೂರ, ಹುಣಸೆಮರದ ಕೆಳಗೆ ಕೂರಿಸಿದ್ದರು, ನೀರ ಹತ್ತಿರ ಬಿಡಲಿಲ್ಲ, ಊರಿನ ಈಜುಗಾರರು ಮುಳುಗುತ್ತಿದ್ದರು, ಏಳುತ್ತಿದ್ದರು, ದೂರದಿಂದ ಬರೀ ತಲೆ, ಕಪ್ಪು ತಲೆ, ನೀರಿನಿಂದ ಒಂದು ತಲೆ ಎದ್ದಾಗಲೆಲ್ಲ ಇವನೇ ಇವನೇ ಅಂತ ಅವಳು ಎದ್ದು ನಿಲ್ಲುವುದು, ಅದು ಮುಖ ಒರೆಸಿಕೊಂಡು ತಲೆಯಾಡಿಸುವುದು, ಇನ್ನೊಬ್ಬರು ಅವಳ ಭುಜ ಹಿಡಿದು ಕೂರಿಸುವುದು, ಸಂಜೆವರೆಗೂ ಎಷ್ಟೋ ತಲೆ ಎದ್ದವು, ಅವನದೊಂದು ಬಿಟ್ಟು. ಮಾರನೇ ದಿನ ಎದ್ದದ್ದು ಅವನಲ್ಲ. ಅದನ್ನು ಅವಳಿಗೆ ತೋರಿಸಲಿಲ್ಲ, ಸಿದ್ದು ನೋಡಿದ, ಅವತ್ತಿನಿಂದ ಸಿದ್ದು ಸ್ಕೂಟರ್ ತೊಳೆಯುತ್ತಾನೆ. ಸಮರ್ಥ ಎದ್ದಿರುತ್ತಾನೆ, ಯಾಕೆ ಏಳುವುದಿಲ್ಲ, ಎಲ್ಲರೂ ಅಲ್ಲೇ ಇದ್ದಾರೆ, ವಿಡಿಯೋ ತೆಗೆದ ಮೇಲೆ ತಾನೆ ಕಳಿಸಿದ್ದು, ಎದ್ದಿರದಿದ್ದರೆ ನಗುವ ಮುಖ ಹಾಕಿ ಕಳಿಸುತ್ತಾರಾ, ಬುದ್ಧಿಗೆ ಗೊತ್ತು, ಬುದ್ಧಿಗೆಲ್ಲ ಗೊತ್ತು, ಆದರೂ ಕಣ್ಣೆದುರು ನೀರು ಮುಚ್ಚಿಕೊಂಡೇ ಇದೆ, ಉಂಗುರ ಅಗಲವಾಗುತ್ತಿದೆ, ಉಸಿರು ಅವಳದ್ದೇ ಕಟ್ಟಿದೆ, ಬಿಡಬೇಕು, ಬಿಡಲಾಗುತ್ತಿಲ್ಲ.

ಪ್ರೀತಿಗೆ ಮಾಡಿದಳು, ರಿಂಗಾಗಿ ರಿಂಗಾಗಿ ನಿಂತಿತು. ಜೆನ್ನಿಗೆ ಮಾಡಿದಳು, ಜೆನ್ನಿ ಕಟ್ ಮಾಡಿದಳು. ನಿಶಾಂತನಿಗೆ ಮಾಡಿದಳು, ಎತ್ತಲಿಲ್ಲ. ಗೊತ್ತಾಗುತ್ತದೆ, ಮೂವರೂ ಹುಲ್ಲಿನ ಮೇಲೆ ಫೋನಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ, ನೀನು ಮಾತಾಡು, ನೀನೇ ಮಾತಾಡು, ಏನಂತ ಹೇಳೋದು, ಬೈಯೋಕೆ ಮಾಡ್ತಿದಾಳೆ, ಅಳೋಕೆ ಮಾಡ್ತಿದಾಳೆ — ಬೈಯೋದಿಲ್ಲ ಕಣ್ರೋ, ಎತ್ತಿ, ಒಂದೇ ಮಾತು ಕೇಳಿ ಇಟ್ಬುಡ್ತೀನಿ, ಮತ್ತೆ ಪ್ರೀತಿಗೆ, ಮತ್ತೆ ರಿಂಗು, ಹೊರಗೆ ನಲ್ಲಿ ನಿಂತಿತು, ಸಿದ್ದು ಬಕೆಟ್ಟು ಕೆಳಗಿಟ್ಟ ಸದ್ದು, ಯಾರಿಗೇ ಅಷ್ಟೊಂದು ಸಲ ಅಂತ ಬಾಗಿಲಲ್ಲಿ ನಿಂತ, ಅವಳು ಕೈ ಅಡ್ಡ ಹಿಡಿದಳು, ಇರಿ ಅನ್ನುವಂತೆ. ಕೊನೆಗೆ ಪ್ರೀತಿಯೇ ಮಾಡಿದಳು. ಸುಮಾ ಅಂದಳು, ಅಷ್ಟಕ್ಕೇ ದನಿ ಒಡೆಯಿತು, ಆಮೇಲೆ ನಿಲ್ಲದೆ ಹೇಳಿಕೊಂಡು ಹೋದಳು, ನಿನ್ನ ಬಿಟ್ಟು ಮಾಡಬೇಕು ಅಂತಲ್ಲ, ನಿನ್ನ ಮುಂದೆ ನಗೋಕೆ ನಮಗೆ ಹೆದರಿಕೆ ಆಗ್ತಿತ್ತು, ನಕ್ಕರೆ ತಪ್ಪು ಮಾಡಿದ ಹಾಗಾಗ್ತಿತ್ತು, ಇವತ್ತು ಹೇಳೋಣ ನಾಳೆ ಹೇಳೋಣ ಅಂತ, ಅದರಲ್ಲೂ ಹೊಳೆ ಹತ್ತಿರ ಬಂದಿದೀವಿ ಅಂತ ನಿನಗೆ ಹೆಂಗೆ, ಏನು ಬೇಕಾದರೂ ಅನ್ನು ಸುಮಾ, ಸುಮ್ಮನಿರಬೇಡ. ಅವಳ ಹಿಂದೆ ನೀರಿನ ಸದ್ದು ಕೇಳಿಸುತ್ತಿತ್ತು, ಹುಡುಗರ ಕೂಗೂ ಇತ್ತು, ಸುಮಾ ಕೂಗುಗಳ ನಡುವೆ ಹುಡುಕಿದಳು. ಹುಡುಗ ಮೇಲೆ ಬಂದ್ನಾ, ಅಂದಳು. ಯಾರು, ಅಂತು ಆ ಕಡೆ. ಸಮರ್ಥ, ಹಾರಿದನಲ್ಲ, ಬಂದ್ನಾ? ಆ ಕಡೆ ಬರೀ ನೀರು, ಆಮೇಲೆ ಪ್ರೀತಿ ತುಂಬಾ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, ಬಂದ ಕಣೇ, ಆಗಲೇ ಬಂದ, ಇಲ್ಲೇ ಪಕ್ಕದಲ್ಲೇ ಕೂತು ಚಿತ್ರಾನ್ನ ತಿಂತಿದಾನೆ, ಕೊಡ್ತೀನಿ ತಗೋ, ಮಾತಾಡು. ಆಂಟಿ, ಅಂತು ಒಂದು ದನಿ, ಒಡೆದು ಗಂಡಸಾದ ದನಿ, ಗುರುತೇ ಹತ್ತದ ದನಿ, ಚೆನ್ನಾಗಿದೀರಾ ಆಂಟಿ, ಅವಳು ಹೂಂ ಅಂದಳು, ತಲೆ ಒರೆಸ್ಕೊಪ್ಪ, ಚಳಿ, ಮತ್ತೆ ಇಳೀಬೇಡ ಅಂದಳು, ಇಳಿಯಲ್ಲ ಆಂಟಿ ಅಂದ, ಅಷ್ಟೇ, ಇಟ್ಟಳು. ಯಾರದು, ಅಂದ ಸಿದ್ದು. ಪ್ರೀತಿದು, ಎಲ್ಲ ಸೇರಿ ಹೊಳೆಗೆ ಹೋಗಿದಾರಂತೆ, ಅಂದಳು, ಅವನು ಒದ್ದೆ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತೇ ಇದ್ದ, ಅವಳು ಗ್ರೂಪು ತೆಗೆದಳು, ಅಳಿಸಲಾಗಿದೆ ಅನ್ನುವ ಸಾಲಿನ ಮೇಲೆ ಬೆರಳಿಟ್ಟು ಒತ್ತಿದಳು, ಏನೂ ತೆರೆಯಲಿಲ್ಲ, ಮತ್ತೆ ಒತ್ತಿದಳು, ಬಂದನಂತೆ, ಚಿತ್ರಾನ್ನ ತಿಂದನಂತೆ, ಆಂಟಿ ಅಂದನಲ್ಲ, ಕಿವಿಯಾರೆ ಕೇಳಿದಳಲ್ಲ, ಆದರೆ ಬಂಡೆ, ಮೇಲೆತ್ತಿದ ಎರಡು ಕೈ, ನೀರು ಎದ್ದಿತು, ನೀರು ಕೂತಿತು, ಒನ್, ಟೂ, ಹಸಿರು ನೀರು, ಉಂಗುರ, ಅದರಾಚೆ ಉಂಗುರ, ನಡುವೆ ನಯವಾಗಿ ಮುಚ್ಚಿಕೊಂಡ ನೀರು, ಅದರ ಮೇಲೆ ಬಿಸಿಲು, ಒನ್, ಟೂ, ಮುಚ್ಚಿಕೊಂಡ ನೀರು —